ಮೇಲಿನ ದಂಡೆ, ಕೆಳಗಿನ ದಂಡೆ ಮತ್ತು ಧರಣೇಂದ್ರನ ಗಿಟಾರು

ದಿಗ್ಗೇವಾಡಿಯಲ್ಲಿ ಧರಣೇಂದ್ರನ ಗಿಟಾರನ್ನು ಕೇಳದವರು ಯಾರೂ ಇರಲಿಲ್ಲ. ಕುಳಿತು ಕೇಳಿದವರೂ ಯಾರೂ ಇರಲಿಲ್ಲ. ಒಂದೇ ಊರಿನಲ್ಲಿ ಈ ಎರಡು ಮಾತೂ ಹೇಗೆ ನಿಜವಾಗುತ್ತವೆ ಎಂದು ಕೇಳುವವರು ಸ್ವಲ್ಪ ನಿಧಾನ ಮಾಡಬೇಕು. ಆ ಊರಲ್ಲಿ ಹೊಳೆಯೂ ಅವಸರ ಮಾಡುವುದಿಲ್ಲ. ಬೇಸಿಗೆಯಲ್ಲಿ ಕೃಷ್ಣೆ ಹರಿಯುತ್ತಿದ್ದಾಳೋ ಮಲಗಿದ್ದಾಳೋ ತಿಳಿಯಬೇಕಾದರೆ ಒಂದು ಕಬ್ಬಿನ ಸಿಪ್ಪೆ ಎಸೆದು ನೋಡಬೇಕು.

ಧರಣೇಂದ್ರನಿಗೆ ಹೊಳೆಯ ಮಗ್ಗುಲಿಗೆ ನಾಲ್ಕೆಕರೆ ಕಬ್ಬು, ಎರಡು ಎಮ್ಮೆ, ಜಿನಮತಿ ಎಂಬ ಹೆಂಡತಿ ಇದ್ದರು. ಇಷ್ಟಿದ್ದ ಮನುಷ್ಯ ಸುಮ್ಮನಿರಬಹುದಿತ್ತು. ಆದರೆ ಎಂಬತ್ತಾರನೆಯ ಇಸವಿಯಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಲು ಮಿರಜಿಗೆ ಹೋದವನು, ಡಾಕ್ಟರು ಸಂಜೆ ಬಾ ಅಂದಿದ್ದಕ್ಕೆ ಹೊತ್ತು ಕಳೆಯಲೆಂದು ಸಿತಾರು ಮಾಡುವವರ ಓಣಿ ಹೊಕ್ಕ. ಅಲ್ಲಿ ಒಣಗಲು ತೂಗುಬಿಟ್ಟ ಸೋರೆ ಬುರುಡೆಗಳ ನಡುವೆ ಕೆಂಪಗೆ, ತೆಳ್ಳಗೆ, ಹೊಟ್ಟೆಯೇ ಇಲ್ಲದ ಒಂದು ವಾದ್ಯ ನೇತಾಡುತ್ತಿತ್ತು.

"ಇದರ ಹೊಟ್ಟಿ ಎಲ್ಲೈತ್ರಿ?" ಎಂದು ಕೇಳಿದ.

"ಇದರ ಹೊಟ್ಟಿ ಕರೆಂಟಿನ್ಯಾಗ ಐತಿ," ಅಂದ ಅಂಗಡಿಯ ಮುದುಕ. ಗೋವೆಯ ಯಾವನೋ ಬ್ಯಾಂಡಿನವನು ದುರಸ್ತಿಗೆ ಬಿಟ್ಟು ಹೋದವನು ಮೂರು ವರ್ಷವಾದರೂ ತಿರುಗಿ ಬಂದಿರಲಿಲ್ಲವಂತೆ.

ಸಂಜೆ ಧರಣೇಂದ್ರ ಒಂದು ಕೈಯಲ್ಲಿ ಅವ್ವನನ್ನೂ ಇನ್ನೊಂದು ಕೈಯಲ್ಲಿ ಗಿಟಾರನ್ನೂ ಹಿಡಿದು ಬಸ್ಸು ಹತ್ತಿದ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದ್ದ ಅವ್ವ ಅದನ್ನು ತಡವಿ ನೋಡಿ, "ಛಲೋ ಆತು. ಮನ್ಯಾಗಿನ ಸಲಕಿ ಮುರದಿತ್ತು," ಅಂದಳು. ಗಿಟಾರಿಗೆ ಆ ಊರಲ್ಲಿ ಸಿಕ್ಕ ಮೊದಲ ವಿಮರ್ಶೆ ಅದು.

ಗಿಟಾರಿನ ಚೀಲದಲ್ಲಿ ಒಂದು ಕ್ಯಾಸೆಟ್ಟಿತ್ತು. ಮೇಲಿನ ಕಾಗದ ಹರಿದು ಹೋಗಿದ್ದರಿಂದ ಹಾಡಿದವರು ಯಾರು, ಬಾರಿಸಿದವರು ಯಾರು ಎಂದು ತಿಳಿಯುವಂತಿರಲಿಲ್ಲ. ತಂಬಾಕು ತಿಂದಂಥ ಗಂಟಲಿನ ಒಬ್ಬ ಇಂಗ್ಲಿಷಿನಲ್ಲಿ ಅಳುತ್ತಾ ಹಾಡುತ್ತಿದ್ದ. ಊರಿನ ಯಾರೇ ಕೇಳಿದ್ದರೂ ಆ ಅಳುವವನನ್ನೇ ಕೇಳುತ್ತಿದ್ದರು. ಧರಣೇಂದ್ರ ಮಾತ್ರ ಅವನ ಹಿಂದೆ ನಿಂತವನನ್ನು ಕೇಳಿದ. ಹಾಡುವವನು ಉಸಿರಿಗೆಂದು ನಿಂತಾಗ ಈ ಹಿಂದಿನವನು ಒಂದೇ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಜಗ್ಗುತ್ತಿದ್ದ. ಆಚೆ ದಂಡೆಯಿಂದ ಯಾರೋ ಯಾರನ್ನೋ ಹೆಸರು ಹಿಡಿಯದೆ ಕರೆದ ಹಾಗೆ ಆಗುತ್ತಿತ್ತು. ಕ್ಯಾಸೆಟ್ಟಿನ ಕೊನೆಗೆ ಹಾಡುವವನು ಎಲ್ಲಿಗೋ ಎದ್ದು ಹೋಗುತ್ತಿದ್ದ, ಬಹುಶಃ ಚಹಾಕ್ಕೆ. ಆಗ ಈತ ಒಬ್ಬನೇ ಹನ್ನೊಂದು ನಿಮಿಷ ಬಾರಿಸುತ್ತಿದ್ದ. ಮುಗಿದ ಮೇಲೆ ಚಪ್ಪಾಳೆ ಕೇಳುತ್ತಿತ್ತು. ಧರಣೇಂದ್ರ ಕಿವಿಯನ್ನು ಟೇಪಿಗೆ ಹಚ್ಚಿ ಎಷ್ಟೋ ಸಲ ಎಣಿಸಿದ್ದ: ಮೂರು ಮಂದಿ. ನಾಲ್ಕನೆಯವನು ಕೆಮ್ಮಿದ್ದು.

ಅಂದಿನಿಂದ ಧರಣೇಂದ್ರನಿಗೆ ಜೀವನದಲ್ಲಿ ಬೇಕಾಗಿದ್ದುದು ಇಷ್ಟೇ. ಆ ಹನ್ನೊಂದು ನಿಮಿಷವನ್ನು ತಾನು ಬಾರಿಸಬೇಕು, ಕಡೆಯವರೆಗೆ ಮೂರು ಮಂದಿ ಎದ್ದು ಹೋಗದೆ ಕೇಳಬೇಕು. ಕೆಮ್ಮುವವನು ಬಂದರೆ ಬರಲಿ.

ಕ್ಯಾಸೆಟ್ಟು ಕೇಳಿಕೇಳಿ ಕಲಿಯಲು ಅವನಿಗೆ ನಾಲ್ಕು ವರ್ಷ ಹಿಡಿಯಿತು. ರಾಯಬಾಗದ ಟೆಂಟು ಟಾಕೀಸು ಮುಚ್ಚಿದಾಗ ಅದರ ಆಂಪ್ಲಿಫಯರೂ ಎಮ್ಮೆಯ ಬಾನಿಯಷ್ಟು ದೊಡ್ಡ ಸ್ಪೀಕರೂ ಎತ್ತಿನ ಗಾಡಿಯಲ್ಲಿ ದಿಗ್ಗೇವಾಡಿಗೆ ಬಂದವು. ಮೊದಲ ದಿನವೇ ಒಂದು ಎಮ್ಮೆ ಹಾಲಿನ ಕೊಡವನ್ನು ಒದೆಯಿತು.

"ಮನ್ಯಾಗ ಇದರ ಇರಲಿ, ಇಲ್ಲಾ ಎಮ್ಮಿ ಇರಲಿ," ಅಂದಳು ಜಿನಮತಿ. ಸ್ವಲ್ಪ ಯೋಚಿಸಿ, "ಎಮ್ಮಿ ಇರಲಿ," ಎಂದು ತೀರ್ಪನ್ನೂ ತಾನೇ ಕೊಟ್ಟಳು.

ಹೀಗಾಗಿ ಗಿಟಾರು ಹೊಳೆದಂಡೆಯ ಪಂಪಿನ ಮನೆಗೆ ಹೋಯಿತು. ಅಲ್ಲಿಂದಲೇ ಎಲ್ಲ ಶುರುವಾದದ್ದು.

ತೊಂಬತ್ತೊಂದರ ಬೇಸಿಗೆ. ಮೋಟಾರು ತಿರುಗಿಸುವ ಮೂರು ಫೇಸಿನ ಕರೆಂಟು ಹಗಲಲ್ಲಿ ಯಾವಾಗಲೋ ಬಂದು ಯಾವಾಗಲೋ ಹೋಗುತ್ತಿತ್ತು. ಊರಿನ ಅರವತ್ತೆರಡು ಮೋಟಾರುಗಳೂ ಹೊಳೆಯ ದಂಡೆಗಿದ್ದವು, ಮೋಟಾರಿನ ಮಾಲೀಕರು ಮಾತ್ರ ಹೊಲದಲ್ಲೋ ಕಟ್ಟೆಯ ಮೇಲೋ ಇರುತ್ತಿದ್ದರು. ಕರೆಂಟು ಬಂದದ್ದು ತಿಳಿಯಲು ಒಬ್ಬರನ್ನೊಬ್ಬರು ಕೇಳಬೇಕು, ಇಲ್ಲವೆ ಲೈನಮನ್ ಲಗಮಪ್ಪನಿಗೆ ಚಹಾ ಕುಡಿಸಿ ಕೇಳಬೇಕು. ಲಗಮಪ್ಪ ಚಹಾ ಕುಡಿದು, ಆಕಾಶ ನೋಡಿ, "ಬರ್ತೈತಿ," ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳಿದವನಲ್ಲ.

ಧರಣೇಂದ್ರ ಮಾತ್ರ ಊಟವಾದ ಮೇಲೆ ಪಂಪಿನ ಮನೆಯಲ್ಲಿ ಆಂಪ್ಲಿಫಯರಿನ ಗುಂಡಿ ಒತ್ತಿಟ್ಟುಕೊಂಡು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಾಗಿಲಿನಿಂದ ಹೊಳೆ ನೋಡುತ್ತ ಕೂಡುತ್ತಿದ್ದ. ಬಿಸಿಲು ನೀರಿನ ಮೇಲೆ ತೂಕಡಿಸುತ್ತಿತ್ತು. ಕಬ್ಬಿನ ಗರಿಗಳು ಅಲುಗದೆ ನಿಂತಿರುತ್ತಿದ್ದವು. ಅಷ್ಟರಲ್ಲಿ ಸ್ಪೀಕರು 'ಹೂಂ' ಎಂದು ಎಚ್ಚರಾಗುತ್ತಿತ್ತು. ಅದೇ ಕ್ಷಣಕ್ಕೆ ಅವನು ತಂತಿ ಮೀಟುತ್ತಿದ್ದ. ಟಾಕೀಸಿನ ಸ್ಪೀಕರು ಎರಡು ಮೈಲಿ ದೂರದವರೆಗೆ ಆ ನಾದವನ್ನು ಕಬ್ಬಿನ ಮೇಲಿಂದ ತೇಲಿಬಿಡುತ್ತಿತ್ತು.

ಅದನ್ನು ಮೊದಲು ಕಂಡುಹಿಡಿದವನು ಮಗ್ಗುಲು ಹೊಲದ ಮಾಳಸಿದ್ದ. ಕುರಿಯೂ ಇದ್ದ, ಮೇಲಿನ ದಂಡೆಗೆ ಎರಡೆಕರೆಯೂ ಇದ್ದ, ಬಾಯಿಯೂ ಇದ್ದ ಮನುಷ್ಯ ಅವನು. ಮೂರು ದಿನ ಸುಮ್ಮನೆ ಲೆಕ್ಕ ಹಾಕಿ, ನಾಲ್ಕನೆಯ ದಿನ ಕಟ್ಟೆಯ ಮೇಲೆ ಸಾರಿದ: "ಏ, ಇನ್ನ ಆ ಲಗಮಪ್ಪಗ ಚಾ ಹಾಕೂದ ಬಿಡ್ರಿ. ಧರಣ್ಯಾ ಅದನ್ನ ಕೆರದಾ ಅಂದ್ರ ಕರೆಂಟ ಬಂತು ಅಂತ ತಿಳೀರಿ."

ಮರುದಿನ ಮಧ್ಯಾಹ್ನ ಧರಣೇಂದ್ರ ಮೊದಲ ತಂತಿಯನ್ನು ಜಗ್ಗಿದ್ದೇ ತಡ, ಬೇವಿನ ನೆರಳುಗಳಿಂದ, ಗುಡಿಸಲುಗಳಿಂದ, ಬಸದಿಯ ಕಟ್ಟೆಯಿಂದ ಜನ ಎದ್ದು ಓಡತೊಡಗಿದರು. ಪಂಪಿನ ಮನೆಯ ಮುಂದಿನಿಂದಲೇ ಓಡಿದರು. ಅವರೆಲ್ಲ ತನ್ನ ಕಡೆಗೇ ಬರುತ್ತಿದ್ದಾರೆಂದು ಧರಣೇಂದ್ರ ಒಂದು ಗಳಿಗೆ ಕೂದಲು ಸರಿಮಾಡಿಕೊಂಡು ಕೂತ. ಅವರು ಹೊರಳಿಯೂ ನೋಡದೆ ಹೋದರು. ಆಮೇಲೆ ಒಂದೊಂದೇ ಮೋಟಾರು ಗುಂಯ್‌ಗುಟ್ಟತೊಡಗಿತು. ಒಂದೊಂದು ಶುರುವಾದಾಗಲೂ ಅವನ ಗಿಟಾರಿನ ದನಿ ತುಸು ತಗ್ಗಿ ಮತ್ತೆ ಏಳುತ್ತಿತ್ತು.

ವಾರದೊಳಗೆ ಊರಿಗೆ ಊರೇ ಅವನ ಗಿಟಾರಿಗೆ ಕಿವಿಯಾಯಿತು. ದನಿ ಸಣ್ಣಗೆ, ಒಡಕಾಗಿ ಬಂದರೆ, "ಓಲ್ಟೇಜ ಕಮ್ಮಿ ಐತಿ, ಮೋಟಾರ ಹಚ್ಚಬ್ಯಾಡ್ರೋ, ಧರಣ್ಯಾಂದು ಕೆಮ್ಮಾಕತ್ತೈತಿ," ಎಂದು ಹೊಲದಿಂದ ಹೊಲಕ್ಕೆ ಕೂಗು ಹೋಗುತ್ತಿತ್ತು. ಇಡೀ ಸೀಮೆಯಲ್ಲಿ ಇಷ್ಟು ಜನ ಇಷ್ಟು ಲಕ್ಷ್ಯ ಕೊಟ್ಟು ಕೇಳಿದ ವಾದ್ಯಗಾರ ಇನ್ನೊಬ್ಬನಿರಲಿಲ್ಲ. ಕೇಳುವ ಹೊತ್ತು ಮಾತ್ರ ನಾಲ್ಕು ಸೆಕೆಂಡು. ಐದನೆಯ ಸೆಕೆಂಡಿಗೆ ಮೈದಾನ ಖಾಲಿ.

"ಹನ್ನೊಂದು ನಿಮಿಷದ್ದು ಐತ್ಯೋ ಮಾಳಸಿದ್ದ. ಒಂದ ದಿನ ಕುಂತ ಕೇಳಲ್ಲ," ಎಂದು ಧರಣೇಂದ್ರ ಬೇಡಿಕೊಂಡ.

"ಹನ್ನೊಂದ ನಿಮಿಷದಾಗ ನನ್ನ ನಾಕ ಸಾಲು ನೀರ ಕುಡೀತಾವು. ನೀ ಬಾರಿಸೂದ ಮೊದಲನೇದ ಸಾಕು. ಉಳಿದದ್ದು ಯಾಕ ಬಾರಿಸ್ತೀ? ಕರೆಂಟ ಬಂದದ್ದ ಒಂದ ಸಲ ಹೇಳಿದ್ರ ತಿಳೀತೈತಿ."

ಹೀಗಾದ ಮೇಲೆ ಧರಣೇಂದ್ರನಿಗೆ ಒಂದು ಯುಕ್ತಿ ಹೊಳೆಯಿತು. ಕರೆಂಟು ಇಲ್ಲದಾಗ ಬಾರಿಸಿದರೆ ಓಡಿ ಹೋಗಲು ಅವರಿಗೆ ಕಾರಣವೇ ಇರುವುದಿಲ್ಲವಲ್ಲ! ಊರ ಹಿರಿಯ ಸತ್ಯಪ್ಪನ ಟ್ರ್ಯಾಕ್ಟರು ಕಬ್ಬಿನ ಹಂಗಾಮು ಮುಗಿದು ಹುಣಸೆಯ ಕೆಳಗೆ ನಿಂತಿತ್ತು. ಅದರ ಬ್ಯಾಟರಿಯನ್ನು ಕೇಳಿ ತಂದು ಆಂಪ್ಲಿಫಯರಿಗೆ ಜೋಡಿಸಿ, ಒಂದು ಶಾಂತವಾದ ಮಧ್ಯಾಹ್ನ ಬಾರಿಸಲು ಶುರುಮಾಡಿದ.

ಯುಕ್ತಿಯಲ್ಲಿ ಒಂದೇ ಒಂದು ತೂತಿತ್ತು. ಕರೆಂಟು ಇಲ್ಲವೆಂದು ಊರಿಗೆ ಗೊತ್ತಿರಲಿಲ್ಲ.

ಊರು ಓಡಿತು. ಹೊಳೆವ್ವ ಎಂಬ ಮುದುಕಿ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿ, ಕಾಲುವೆಯ ರಾಡಿಯಲ್ಲಿ ಒಂದು ಚಪ್ಪಲಿ ಕಳೆದುಕೊಂಡಳು. ಅರವತ್ತೆರಡು ಸ್ವಿಚ್ಚುಗಳು ಬಿದ್ದವು. ಒಂದು ಮೋಟಾರೂ ಕೆಮ್ಮಲಿಲ್ಲ. ಪಂಪಿನ ಮನೆಯಲ್ಲಿ ಮಾತ್ರ ಧರಣೇಂದ್ರ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ.

ಅಂದು ಸಂಜೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಆರೋಪ ಏನೆಂದು ಹೇಳುವುದೇ ಮೊದಲು ಕಷ್ಟವಾಯಿತು. ಸುಳ್ಳು ಹೇಳಿದ ಎನ್ನೋಣವೆಂದರೆ ಅವನು ಬಾಯಿ ತೆರೆದಿರಲಿಲ್ಲ.

"ಸುಳ್ಳ ಬಾರಿಸ್ಯಾನ್ರಿ!" ಎಂದು ಮಾಳಸಿದ್ದ ಸಮಸ್ಯೆ ಬಗೆಹರಿಸಿದ. "ಬಾಯಿಲೆ ಸುಳ್ಳ ಹೇಳಿದ್ರ ಒಬ್ಬಗ ತಿಳೀತೈತಿ. ಇಂವಾ ಇಡೀ ಊರಿಗೆ ಒಮ್ಮೆಗೇ ಹೇಳ್ಯಾನ."

"ನನ್ನ ರೊಟ್ಟಿ ಹೊತ್ತಿ ಕರ್ರಗಾತು," ಅಂದಳು ಹೊಳೆವ್ವ. "ಚಪ್ಪಲಿನೂ ಹೋತು. ಎಡಗಾಲಿಂದು."

ಲೈನಮನ್ ಲಗಮಪ್ಪನೂ ಬಂದು ಮೂಲೆಯಲ್ಲಿ ನಿಂತಿದ್ದ. ಒಂದು ತಿಂಗಳಿಂದ ಯಾರೂ ಅವನಿಗೆ ಚಹಾ ಕೇಳಿರಲಿಲ್ಲ. "ಕರೆಂಟ ಅಂದ್ರ ಜವಾಬ್ದಾರಿ ಐತ್ರಿ," ಅಂದ ಅವನು ದುಃಖದಿಂದ. "ಕಂಡಕಂಡವರ ಕೈಯಾಗ ಕೊಡೂ ವಸ್ತು ಅಲ್ಲ."

ಸತ್ಯಪ್ಪ ನ್ಯಾಯ ಹೇಳಬೇಕಾಗಿತ್ತು. ಬ್ಯಾಟರಿ ಯಾರದು ಎಂಬ ಪ್ರಶ್ನೆ ಹುಟ್ಟುವ ಮೊದಲೇ ಮುಗಿಸಬೇಕೆಂದು ಅವನು ತುಸು ಅವಸರದಲ್ಲಿದ್ದ. "ಆತು, ಆತು! ಧರಣೇಂದ್ರಾ, ಇನ್ನ ಮ್ಯಾಲೆ ಕರೆಂಟ ಇಲ್ಲದ ಬಾರಿಸೂದಿಲ್ಲ ಅಂತ ಹಣಮಪ್ಪನ ಮುಂದ ಮಾತ ಕೊಡು. ಏಳ್ರಿ ಎಲ್ಲಾರೂ, ಹೊತ್ತ ಮುಳಗಾಕತ್ತೈತಿ, ಜೈನರ ಮಂದಿಗೆ ಊಟದ ಹೊತ್ತ ಮೀರತೈತಿ!"

ಧರಣೇಂದ್ರ ಮಾತು ಕೊಟ್ಟ. ಬ್ಯಾಟರಿ ಪಂಪಿನ ಮನೆಯ ಮೂಲೆಯಲ್ಲೇ ಉಳಿಯಿತು. ಒಯ್ಯಲು ಬಂದರೆ ಅದು ತನ್ನದೆಂದು ಒಪ್ಪಿಕೊಂಡಂತಾಗುತ್ತಿದ್ದರಿಂದ ಸತ್ಯಪ್ಪ ಆ ಕಡೆ ತಲೆಯನ್ನೂ ಹಾಕಲಿಲ್ಲ.

ಇದಾಗಿ ಹದಿನೈದು ದಿನಕ್ಕೆ ಊರಿಗೆ ಜೀಪು ಬಂತು. ಕರೆಂಟು ಆಫೀಸಿನ ಸೆಕ್ಷನ್ ಆಫೀಸರು ವಿರುಪಾಕ್ಷಪ್ಪನವರು ಇಳಿದರು. ಹಿಂದೆ ಲಗಮಪ್ಪ, ದೂರು ಕೊಟ್ಟವನು ತಾನಲ್ಲವೆಂಬಂಥ ಮುಖ ಮಾಡಿಕೊಂಡು.

"ಗಿಟಾರು ಬಾರಿಸುವವರು ಯಾರು?" ಎಂದರು ಸಾಹೇಬರು.

ಧರಣೇಂದ್ರನ ಎದೆ ಹಿಗ್ಗಿತು. ಇಷ್ಟು ವರ್ಷಕ್ಕೆ ಒಬ್ಬ ಓದಿದ ಮನುಷ್ಯ ಕೇಳಿಕೊಂಡು ಬಂದಿದ್ದಾನೆ. "ನಾನರಿ ಸಾಹೇಬರ! ಬರ್ರಿ, ಕುಂದರ್ರಿ. ಹನ್ನೊಂದ ನಿಮಿಷದ್ದು ಐತಿ."

"ಅದಲ್ಲ. ಮೊದಲು ನಿಮ್ಮೂರಿಗೆ ಕರೆಂಟು ಬಿಟ್ಟರೆ ಒಂದು ತಾಸಿನೊಳಗೆ ಒಬ್ಬೊಬ್ಬರೇ ಬಂದು ಮೋಟಾರು ಹಚ್ಚುತ್ತಿದ್ದರು. ಈಗ ಅರವತ್ತೆರಡೂ ಒಂದೇ ನಿಮಿಷಕ್ಕೆ ಶುರುವಾಗುತ್ತವೆ. ಒಂದು ಹಗ್ಗಕ್ಕೆ ಅರವತ್ತೆರಡು ಎತ್ತು ಒಮ್ಮೆಲೇ ಜಗ್ಗಿದರೆ ಏನಾಗುತ್ತೆ?"

"ಹಗ್ಗ ಹರೀತೈತ್ರಿ," ಅಂದ ಮಾಳಸಿದ್ದ.

"ಜಗ್ಗಿ ಜಗ್ಗಿ ಕಡೆಗೆ ಹರಿದೇ ಹೋಗಿದೆ. ಆರು ದಿನದಿಂದ ದಿನಾ ಲೈನು ಬೀಳ್ತಾ ಇದೆ. ನಾವು ಕರೆಂಟು ಬಿಡೋದು, ಇವರು ಬಾರಿಸೋದು, ಅದು ಹೋಗೋದು."

ಇಡೀ ಊರು ಧರಣೇಂದ್ರನ ಕಡೆ ನೋಡಿತು. ಕರೆಂಟು ಬಂದ ಸುದ್ದಿ ಹೇಳುವವನೇ ಕರೆಂಟು ಕಳೆಯುವವನೂ ಆಗಿದ್ದ. ಜಿನಮತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವಿಗೋ ನಗುವಿಗೋ ತಿಳಿಯಲಿಲ್ಲ. ಗಿಟಾರನ್ನು ಜಪ್ತಿ ಮಾಡಬೇಕೆಂದು ಲಗಮಪ್ಪ ಮೆಲ್ಲಗೆ ಸೂಚಿಸಿದ. ಆದರೆ ಊರವರು ಅದಕ್ಕೆ ಒಪ್ಪಲಿಲ್ಲ. ಮತ್ತೆ ಅವನಿಗೆ ಚಹಾ ಕುಡಿಸುವುದು ಯಾರಿಗೂ ಬೇಕಿರಲಿಲ್ಲ.

ವಿರುಪಾಕ್ಷಪ್ಪನವರು ದಂಡೆಯ ಮೋಟಾರುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದು, ಸೀಲು ಒತ್ತಿ, ಗಟ್ಟಿಯಾಗಿ ಓದಿದರು:

"ಸದರಿ ಗ್ರಾಮದ ವಾದ್ಯಗಾರರು ವಿದ್ಯುತ್ ಸರಬರಾಜು ಆರಂಭವಾದ ಕೂಡಲೇ ಮೇಲಿನ ದಂಡೆಯ ರೈತರಿಗಾಗಿ ಒಂದು ಬಗೆಯ ರಾಗವನ್ನೂ, ತದನಂತರ ಹದಿನೈದು ನಿಮಿಷಗಳ ಅಂತರವನ್ನು ಬಿಟ್ಟು ಕೆಳಗಿನ ದಂಡೆಯ ರೈತರಿಗಾಗಿ ಭಿನ್ನವಾದ ರಾಗವನ್ನೂ ಬಾರಿಸತಕ್ಕದ್ದು. ರೈತರು ತಮ್ಮ ರಾಗವನ್ನು ಗುರುತಿಸಿ ಮಾತ್ರ ಮೋಟಾರು ಹಚ್ಚತಕ್ಕದ್ದು."

ಓದಿ ಮುಗಿಸಿ ಜೀಪು ಹತ್ತಿದರು. ಹನ್ನೊಂದು ನಿಮಿಷದ್ದನ್ನು ಕೇಳಲು ಅವರಿಗೂ ಪುರಸೊತ್ತಿರಲಿಲ್ಲ.

ಈಗ ಊರು ಪೇಚಿಗೆ ಬಿತ್ತು. ಪಂಪಿನ ಮನೆಯಿಂದ ಹೊಳೆ ಬರುವ ಕಡೆಗೆ ಮೇಲಿನ ದಂಡೆ, ಹೊಳೆ ಹೋಗುವ ಕಡೆಗೆ ಕೆಳಗಿನ ದಂಡೆ. ಇದು ಎಲ್ಲರಿಗೂ ಗೊತ್ತು. ಆದರೆ ರಾಗ? ಧರಣೇಂದ್ರ ಕ್ಯಾಸೆಟ್ಟಿನ ಹನ್ನೊಂದು ನಿಮಿಷದೊಳಗಿಂದ ಎರಡು ತುಂಡು ಕತ್ತರಿಸಿಕೊಂಡ. ತಂತಿಯನ್ನು ಮೂರು ಸಲ ಮೇಲಕ್ಕೆ ಜಗ್ಗಿ, ಕರುವಿಗೆ ಎಮ್ಮೆ ಕೂಗಿದಂತೆ ಮಾಡಿದರೆ ಮೇಲಿನ ದಂಡೆ. ದಪ್ಪ ತಂತಿಯ ಮೇಲೆ ಮೆಲ್ಲಗೆ, ತುಂಬಿದ ಗಾಡಿ ಇಳಿಜಾರು ಇಳಿದಂತೆ ಬಾರಿಸಿದರೆ ಕೆಳಗಿನ ದಂಡೆ.

ಹತ್ತು ದಿನದಲ್ಲಿ ಊರವರ ಮಾತೇ ಬೇರೆಯಾಯಿತು.

"ಅಲ್ಲೋ ಧರಣ್ಯಾ, ಇವತ್ತ ಮ್ಯಾಲಿಂದ ಬಾರಿಸೂಮುಂದ ಮೂರನೇ ಎಳತ ಅರ್ಧಕ್ಕ ಬಿಟ್ಟೀ," ಎಂದು ಮಾಳಸಿದ್ದ ಜಗಳಕ್ಕೆ ಬಂದ. "ಜಗ್ಗಿದ್ರ ಪೂರ್ತಿ ಜಗ್ಗು. ಇದು ನಮ್ದೋ ಅವರ್ದೋ ಅಂತ ನಾ ಕಾಲುವಿ ಮ್ಯಾಲೆ ಒಂಟಗಾಲಲೆ ನಿಂತಿದ್ದೆ."

"ಬೆರಳ ಒಡದಿತ್ತೋ."

"ಬೆರಳ ಒಡದದ್ದು ನಮ್ಮ ಕಬ್ಬಿಗೆ ಗೊತ್ತಾಗತೈತೇನು?"

ಹೊಳೆವ್ವನ ಹೊಲ ಕೆಳಗಿನ ದಂಡೆಗಿತ್ತು. "ನಮ್ಮದ ಛಲೋ ಐತಿ ಬಿಡು," ಅನ್ನುತ್ತಿದ್ದಳು. "ಗಂಭೀರ ಐತಿ. ಮ್ಯಾಲಿನವ್ರದು ಬರೇ ಒದರಾಟ." ಇದರಿಂದ ಮೇಲಿನ ದಂಡೆಯವರಿಗೂ ಕೆಳಗಿನ ದಂಡೆಯವರಿಗೂ ಎರಡು ದಿನ ಮಾತು ನಿಂತಿತು.

ರಾಗ ಒಂದಿದ್ದದ್ದು ಎರಡಾಯಿತು, ಓಡುವವರು ಮಾತ್ರ ಓಡುತ್ತಲೇ ಇದ್ದರು. ನಡುವಿನ ಹದಿನೈದು ನಿಮಿಷ ಏನನ್ನೂ ಬಾರಿಸಿ ಜನರಿಗೆ ಗೊಂದಲ ಮಾಡಬಾರದೆಂದು ಧರಣೇಂದ್ರ ತಂತಿಗಳ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದ.

ಕೊನೆಗೆ ಅವನು ನಿಪ್ಪಾಣಿಯ ಕಡೆ ನೋಡಿದ. ಅಲ್ಲಿ ಆಬಾಸಾಹೇಬ ಎಂಬವರ ಆರ್ಕೆಸ್ಟ್ರಾ ಇತ್ತು. ಗಣಪತಿ ಹಬ್ಬಕ್ಕೆ, ಮದುವೆಗೆ ಅಥಣಿ ಕಾಗವಾಡದವರೆಗೂ ಹೋಗುತ್ತಿತ್ತು. ಧರಣೇಂದ್ರ ಅವರಿಗೆ ಒಂದರ ಹಿಂದೊಂದು ಒಂಬತ್ತು ಪೋಸ್ಟ್ ಕಾರ್ಡು ಬರೆದ. ಒಂಬತ್ತಕ್ಕೂ ಸುಮ್ಮನಿದ್ದ ಆಬಾಸಾಹೇಬರು, ತಮ್ಮ ಗಿಟಾರಿನವನು ಇಚಲಕರಂಜಿಗೆ ಅಳಿಯತನಕ್ಕೆ ಹೋದ ಮೇಲೆ, ರಾಯಬಾಗಕ್ಕೆ ಮದುವೆ ಮಾತಾಡಲು ಬಂದ ದಾರಿಯಲ್ಲಿ ಬಸ್ಸಿನಿಂದ ಇಳಿದರು. ಬಿಳಿ ಪ್ಯಾಂಟು, ಬಿಳಿ ಬೂಟು, ಕೊರಳಿಗೆ ಕರವಸ್ತ್ರ. ಆಗ ಮೂರು ಗಂಟೆ.

"ಐದೂವರೀಗೆ ನನ್ನ ಬಸ್ಸು. ಹಂ, ಚಾಲೂ ಕರಾ, ಶುರು ಮಾಡು," ಎಂದರು ಪಂಪಿನ ಮನೆಯ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕೂತು.

"ಕರೆಂಟ ಬರ್ಲಿರಿ."

ಕರೆಂಟು ಬರಲಿಲ್ಲ. ಜಿನಮತಿ ಚಹಾ ತಂದಳು. ನಾಲ್ಕಾಯಿತು. ಹೊಳೆಯ ಅಂಚಿನಲ್ಲಿ ಒಂದು ಬೆಳ್ಳಕ್ಕಿ ಒಂದೇ ಕಾಲಿನ ಮೇಲೆ ನಿದ್ದೆ ಮಾಡುತ್ತಿತ್ತು. ಆಬಾಸಾಹೇಬರೂ ತುಸು ನಿದ್ದೆ ಮಾಡಿದರು. ಜಿನಮತಿ ಎರಡನೆಯ ಸಲ ಚಹಾ ತಂದಳು. ಐದಾಗುತ್ತ ಬಂತು.

"ನಿಮ್ಮ ಕರೆಂಟ ಯಾವಾಗ ಬರ್ತೈತಿ, ದಾದಾ?"

"ಬರ್ತೈತ್ರಿ," ಅಂದ ಧರಣೇಂದ್ರ. ಹೇಳಿದ ಮೇಲೆ ತನ್ನ ದನಿ ಥೇಟು ಲಗಮಪ್ಪನಂತೆ ಕೇಳಿ ಅವನಿಗೇ ನಾಚಿಕೆಯಾಯಿತು.

"ನನ್ನ ಬಸ್ಸೂ ಬರ್ತೈತಿ," ಎಂದು ಆಬಾಸಾಹೇಬರು ಕರವಸ್ತ್ರ ಜಾಡಿಸಿದರು.

ಧರಣೇಂದ್ರ ಒಮ್ಮೆ ಹಣಮಪ್ಪನ ಗುಡಿಯ ಕಡೆ ನೋಡಿದ. ಒಮ್ಮೆ ಮೂಲೆಯಲ್ಲಿದ್ದ ಬ್ಯಾಟರಿಯ ಕಡೆ ನೋಡಿದ. ಜಿನಮತಿ ಚಹಾದ ಬಟ್ಟಲು ಎತ್ತುತ್ತ, ಯಾರಿಗೂ ಹೇಳದವಳಂತೆ, "ಅದರಾಗ ಇನ್ನೂ ಜೀವ ಐತಿ. ನಿನ್ನಿ ವೈರ ಮುಟ್ಟಿಸಿ ನೋಡೇನಿ," ಅಂದಳು.

ಅವನು ವೈರು ಜೋಡಿಸಿದ. ಮೇಲಿನದನ್ನು ಬಾರಿಸಿದರೆ ಮೇಲಿನ ದಂಡೆಗೆ ಸುಳ್ಳಾಗುತ್ತದೆ. ಕೆಳಗಿನದನ್ನು ಬಾರಿಸಿದರೆ ಕೆಳಗಿನ ದಂಡೆಗೆ ಸುಳ್ಳಾಗುತ್ತದೆ. ಆದ್ದರಿಂದ ಕ್ಯಾಸೆಟ್ಟಿನವನು ಶುರುಮಾಡಿದ ಹಾಗೆಯೇ, ನಡುವಿನ ತಂತಿಯ ಮೇಲೆ, ಒಂದೇ ಸ್ವರವನ್ನು ಮೀಟಿ ಅದು ತಾನೇ ಮುಗಿಯುವವರೆಗೆ ಬಿಟ್ಟ.

ಊರು ಎದ್ದು ಓಡಿತು. ಎರಡೂ ದಂಡೆಯವರು ಓಡಿದರು. ಆದರೆ ಪಂಪಿನ ಮನೆಯ ಹತ್ತಿರ ಬರುವ ಹೊತ್ತಿಗೆ ಮಾಳಸಿದ್ದ ಗಕ್ಕನೆ ನಿಂತ.

"ತಡೀರಿ! ಇದು ನಮ್ದಲ್ಲ."

"ನಮ್ದೂ ಅಲ್ಲ," ಅಂದಳು ಹೊಳೆವ್ವ, ಏದುಸಿರು ಬಿಡುತ್ತ.

"ಇನ್ನೂ ಹೇಳಿಲ್ಲ ಅಂವಾ. ಮುಂದ ಹೇಳ್ತಾನ. ಗಪ್ಪ ನಿಂದರ್ರಿ, ಕೇಳಸ್ಲಿ."

ಊರು ಗಪ್ಪಾಗಿ ನಿಂತಿತು. ಕಾಲುದಾರಿಯ ಮೇಲೆ, ಬದುವಿನ ಮೇಲೆ, ಕಾಲುವೆಯ ನೀರಿನಲ್ಲಿ, ಕೈಯಲ್ಲಿ ಸಲಿಕೆ ಹಿಡಿದು, ಒಂದೊಂದು ಎಳೆತಕ್ಕೂ ಕಿವಿ ಆನಿಸಿ ನಿಂತಿತು. ಒಂದು ಸ್ವರವೂ ತಪ್ಪಬಾರದು. ತಪ್ಪಿದರೆ ತಮ್ಮ ದಂಡೆಯ ಪಾಳಿ ತಪ್ಪೀತು. ರಾಗ ಮೇಲಿನ ದಂಡೆಯ ಹತ್ತಿರ ಹೋದಾಗ ಮೇಲಿನವರು ಒಂದು ಹೆಜ್ಜೆ ಮುಂದಿಟ್ಟರು. ಅದು ಅಲ್ಲಿ ಹೆಚ್ಚು ನಿಲ್ಲದೆ ಕೆಳಗೆ ಇಳಿಯಿತು. ಕೆಳಗಿನವರು ಧೋತರ ಎತ್ತಿಕಟ್ಟಿದರು. ಅಲ್ಲಿಯೂ ನಿಲ್ಲಲಿಲ್ಲ. ಹೊಳೆಯ ನಟ್ಟನಡುವೆ, ಯಾರ ಹೊಲವೂ ಇಲ್ಲದ ಕಡೆಗೆ ಹೋಗಿ, ಅಲ್ಲಿ ಬಹಳ ಹೊತ್ತು ತೇಲಿತು. ಹೊತ್ತು ವಾಲಿ ನೀರು ಹಳದಿಯಾಗಿತ್ತು. ಯಾರೋ ಸಲಿಕೆಯನ್ನು ಸದ್ದಾಗದಂತೆ ಕೆಳಗಿಟ್ಟರು. ಹೊಳೆವ್ವ ಬದುವಿನ ಮೇಲೆ ಕೂತಳು. ಹಿಂದಿನಿಂದ ಯಾರೋ ಕೆಮ್ಮಿದರು. ಮೂವತ್ತು ಮಂದಿ ಹೊರಳಿ ಅವನನ್ನು ನುಂಗುವಂತೆ ನೋಡಿದರು.

ಹನ್ನೊಂದು ನಿಮಿಷಕ್ಕೆ ಅದು ಮುಗಿಯಿತು. ಬ್ಯಾಟರಿಯೂ ಮುಗಿಯಿತು.

ಬೆಳ್ಳಕ್ಕಿ ಕಾಲು ಬದಲಿಸಿತು. ಮಾಳಸಿದ್ದ ನಿದ್ದೆಯಿಂದ ಎದ್ದವನಂತೆ ಕೇಳಿದ: "ಕಡೀಕೂ ಯಾವ ದಂಡಿ ಅಂತ ಹೇಳಲೇ ಇಲ್ಲಲ್ಲೋ?"

ಆಗ ಕೆಳಗಿನಿಂದ ಒಬ್ಬ ಕೂಗಿದ: "ಏ! ಕರೆಂಟ ಬಂದೇ ಇಲ್ಲ! ಮತ್ತ ಸುಳ್ಳ ಬಾರಿಸ್ಯಾನ!"

ಗದ್ದಲವೆದ್ದಿತು. ಹಣಮಪ್ಪನ ಮುಂದೆ ಕೊಟ್ಟ ಮಾತು ಏನಾಯಿತೆಂದು ನಾಲ್ಕು ಜನ ಮೈಮೇಲೆ ಬಂದರು. ಧರಣೇಂದ್ರ ಗಿಟಾರನ್ನು ಎದೆಗೆ ಅವಚಿಕೊಂಡು ನಿಂತ. ಮಾಳಸಿದ್ದ ಕೈ ಎತ್ತಿದ.

"ತಡೀರಿ. ಸುಳ್ಳ ಅಂದ್ರ ಮ್ಯಾಲಿಂದರ ಬಾರಿಸಬೇಕಿತ್ತು, ಇಲ್ಲಾ ಕೆಳಗಿಂದರ ಬಾರಿಸಬೇಕಿತ್ತು. ಇಂವಾ ಯಾವ ದಂಡೀದೂ ಬಾರಿಸಿಲ್ಲ. ಕರೆಂಟ ಬಂತು ಅಂತ ಯಾರಿಗೂ ಹೇಳೇ ಇಲ್ಲ. ಹೇಳದ್ದು ಸುಳ್ಳ ಹೆಂಗಾಗತೈತಿ?"

"ಖರೇ! ಖರೇ!" ಎಂದು ಸತ್ಯಪ್ಪ ಬ್ಯಾಟರಿಯ ಮುಂದೆ ಅಡ್ಡ ನಿಂತು ಗಟ್ಟಿಯಾಗಿ ಒಪ್ಪಿದ. "ನ್ಯಾಯ ಮುಗೀತು. ನಡೀರಿ!"

ಆಬಾಸಾಹೇಬರು ಮಾತ್ರ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿದ್ದರು. "ಮೂವತ್ತ ವರ್ಷ ಆರ್ಕೆಸ್ಟ್ರಾ ನಡಸೇನಿ, ದಾದಾ. ಕುರ್ಚಿ ಹಾಕಿ ಕೊಟ್ರೂ ಮಂದಿ ಕುಂದರೂದಿಲ್ಲ. ನೀ ಒಂದ ತಂತಿ ಮೀಟಿದಿ, ಮಂದಿ ಕೆಲಸಾ ಬಿಟ್ಟ ಓಡಿ ಬಂತು! ಆ ಮುದುಕಿ 'ನಮ್ದೋ, ನಿಮ್ದೋ' ಅಂತ ಬಡದಾಡಾಕತ್ತಿದ್ಲು! ಸೋಮವಾರ ನಿಪ್ಪಾಣಿಗೆ ಬಾ. ಬಿಳೀ ಡ್ರೆಸ್ ಹೊಲಸ್ತೀನಿ."

"ಅಲ್ಲಿ ಇದನ್ನ ಪೂರಾ ಬಾರಿಸಾಕ ಕೊಡ್ತೀರೇನ್ರಿ?"

"ಪೂರಾ? ಛೇ ಛೇ. ಹಾಡಾವರ ಹಿಂದ ನಿಂದರಬೇಕು. ಅವರು ಉಸುರು ತಗೊಳ್ಳುಮುಂದ ಟಿಣ್ ಟಿಣ್ ಅಂತ ಅಷ್ಟ. ಬಾಕಿ ಟೈಮ ನಗಬೇಕು."

ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ಧರಣೇಂದ್ರ ಬದುವಿನ ಕಡೆ ನೋಡಿದ. ಗದ್ದಲ ಮಾಡಿದವರೆಲ್ಲ ಹೋದ ಮೇಲೂ ಅಲ್ಲಿ ಮೂರು ಮಂದಿ ಇನ್ನೂ ಉಳಿದಿದ್ದರು. ಹೊಳೆವ್ವ, ಮಾಳಸಿದ್ದ, ಮತ್ತು ಎಲ್ಲರಿಗಿಂತ ಹಿಂದೆ, ಯಾರಿಗೂ ಕಾಣದಂತೆ ಕಂಬಕ್ಕೆ ಒರಗಿದ ಲಗಮಪ್ಪ. ಅವನೇ ಕೆಮ್ಮಿದವನು.

"ಸೋಮವಾರ ಆಗೂದಿಲ್ರಿ," ಅಂದ ಧರಣೇಂದ್ರ. "ನಮ್ಮಲ್ಲಿ ಎರಡೂ ದಂಡೀದು ಪಾಳಿ ಇರ್ತೈತಿ."

ಆಬಾಸಾಹೇಬರು ಬಿಳಿ ಬೂಟಿನಲ್ಲಿ ಬಸ್ಸಿನ ಕಡೆ ಓಡಿದರು. ಗಿಟಾರು ಕೇಳಿದ ಮೇಲೆ ಓಡುವುದು ಆ ಊರಿಗೆ ಹೊಸದೇನೂ ಆಗಿರಲಿಲ್ಲ.

ಮರುದಿನ ಮಧ್ಯಾಹ್ನ ಕರೆಂಟು ಬಂತು. ಧರಣೇಂದ್ರ ಮೂರು ಸಲ ಪೂರ್ತಿ ಜಗ್ಗಿ ಮೇಲಿನದನ್ನು ಬಾರಿಸಿದ. ಮೇಲಿನ ದಂಡೆಯ ಮೋಟಾರುಗಳು ಒಂದೊಂದಾಗಿ ಗುಂಯ್‌ಗುಟ್ಟಿ ಒಂದೇ ಶ್ರುತಿಗೆ ಕೂಡಿದವು. ಅವನು ಎಂದಿನಂತೆ ತಂತಿಗಳ ಮೇಲೆ ಅಂಗೈ ಇಟ್ಟ.

ಬಾಗಿಲಲ್ಲಿ ಮಾಳಸಿದ್ದ ನಿಂತಿದ್ದ.

"ನಿನ್ನ ಮೋಟಾರ?" ಎಂದು ಧರಣೇಂದ್ರ ಕೇಳಿದ.

"ಮನಿಯಾಕಿ ಹಚ್ಯಾಳ." ಮಾಳಸಿದ್ದ ಕಟ್ಟೆಯ ಮೇಲೆ ಕೂತು ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟ. "ಕೆಳಗಿನವ್ರದಕ್ಕ ಇನ್ನೂ ಹದಿನೈದ ನಿಮಿಷ ಐತಲ್ಲ. ನಿನ್ನಿ ಯಾವ ದಂಡೀದೂ ಅಲ್ಲದ್ದು ಬಾರಿಸಿದ್ಯಲ್ಲ, ಅದನ್ನ ಬಾರಿಸು."

ಧರಣೇಂದ್ರ ಗಿಟಾರನ್ನು ಸರಿಯಾಗಿ ಹಿಡಿದುಕೊಂಡ.

"ಇದನ್ನ ಮೊದಲ ಬಾರಿಸಿದಾಂವ ಯಾರೋ?" ಅಂದ ಮಾಳಸಿದ್ದ.

"ಗೊತ್ತಿಲ್ಲ. ಕ್ಯಾಸೆಟ್ಟಿನ ಕಾಗದ ಹರದಿತ್ತು. ಮೂರ ಮಂದಿ ಅಷ್ಟ ಚಪ್ಪಾಳಿ ಹೊಡದಾರ ಅಂವಗ."

ಮಾಳಸಿದ್ದ ಹೊಳೆಯ ಕಡೆ ಹೊರಳಿದ. "ಪಾಪ. ಅವನ ಊರಾಗೂ ಉಳಿದವರೆಲ್ಲಾ ಮೋಟಾರ ಹಚ್ಚಾಕ ಓಡಿರಬೇಕು."

ಅಂದು ಕೆಳಗಿನ ದಂಡೆಯ ಮೋಟಾರುಗಳು ಹದಿನೈದು ನಿಮಿಷಕ್ಕೆ ಶುರುವಾಗಲಿಲ್ಲ, ಮಾತು ಮುಗಿದು ಹನ್ನೊಂದು ನಿಮಿಷದ್ದೂ ಪೂರಾ ಆಗುವಷ್ಟರಲ್ಲಿ ಇಪ್ಪತ್ತೊಂದು ನಿಮಿಷವಾಯಿತು. ಸರಕಾರಿ ಹುಕುಮಿನ ಉಲ್ಲಂಘನೆಯೆಂದು ಯಾರಾದರೂ ದೂರು ಕೊಡಬಹುದಿತ್ತು. ಆದರೆ ದೂರು ಕೊಡುವವನು ಪಂಪಿನ ಮನೆಯ ಕಂಬಕ್ಕೆ ಒರಗಿ ಕೂತಿದ್ದ, ಮತ್ತು ಜಿನಮತಿ ಅವನ ಕೈಗೆ ಚಹಾದ ಬಟ್ಟಲು ಕೊಟ್ಟಿದ್ದಳು.